ಬರೆಯದ ಕಾಗದ

ಮಾಂಬಲದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕಳೆದ ಬೇಸಿಗೆ ರಜೆಯಲ್ಲಿ ಲ್ಯಾಟಿನ್ ಕಲಿಯಲು ಹೊರಟಳು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವಳು. "ಅಪ್ಪಾ, ಈ ಪಾರ್ಟಿಸಿಪಲ್ ಮಾತ್ರ ತಲೆಗೆ ಹತ್ತುತ್ತಿಲ್ಲ" ಎಂದು ಪುಸ್ತಕ ಹಿಡಿದು ಬಂದಳು.

ನೋಡಿದೆ. ಬರೆ ಎಂಬರ್ಥದ ಧಾತುವಿನಿಂದ 'ಸ್ಕ್ರೀಬೆನ್ಸ್' ಎಂದರೆ ಬರೆಯುತ್ತಿರುವ, 'ಸ್ಕ್ರಿಪ್ಟುಸ್' ಎಂದರೆ ಬರೆಯಲ್ಪಟ್ಟ, 'ಸ್ಕ್ರಿಪ್ಟೂರುಸ್' ಎಂದರೆ ಬರೆಯಲಿರುವ. ಇಷ್ಟಕ್ಕೇ ಮುಗಿಯದು. ಅವರಿಗೆ ಪುಸ್ತಕ ಪುಲ್ಲಿಂಗ, ಕಾಗದ ಸ್ತ್ರೀಲಿಂಗ. ಆದ್ದರಿಂದ ಪುಸ್ತಕ 'ಸ್ಕ್ರಿಪ್ಟುಸ್', ಕಾಗದ 'ಸ್ಕ್ರಿಪ್ಟಾ'. ನಾಮಪದದ ವಿಭಕ್ತಿ ಬದಲಾದರೆ ಇದೂ ಬದಲಾಗಬೇಕು. 'ಸ್ಟೂಡೆನ್ಸ್' ಎಂಬುದು ಷಷ್ಠಿಯಲ್ಲಿ 'ಸ್ಟೂಡೆಂಟಿಸ್' ಆಗುತ್ತದೆ. ನೀವು ದಿನವೂ ಹೇಳುವ ಸ್ಟೂಡೆಂಟ್ ಬಂದದ್ದು ಅಲ್ಲಿಂದಲೇ!

"ಇದು ನಮ್ಮ ಕೃದಂತದ ದಾಯಾದಿ ಕಣಮ್ಮ" ಎಂದೆ. ಕನ್ನಡದಲ್ಲಿ ಕೆಲಸ ಇನ್ನೂ ಹಗುರ. ಬರೆದ ಅಜ್ಜಿ, ಬರೆದ ಕಾಗದ, ಬರೆದ ಪೆನ್ನು: ಬರೆದವರಿಗೂ ಬರೆಸಿಕೊಂಡದ್ದಕ್ಕೂ ಒಂದೇ 'ಬರೆದ'. ಲಿಂಗ, ವಚನ, ವಿಭಕ್ತಿ ಯಾವುದರ ಗೊಡವೆಯೂ ಅದಕ್ಕಿಲ್ಲ. ಆದರೆ ಪಕ್ಕದ ನಾಮಪದವನ್ನು ತೆಗೆದುಬಿಡಿ, ಆಗ ಎಲ್ಲವೂ ಬರುತ್ತವೆ: ಬರೆದವನು, ಬರೆದವಳಿಗೆ, ಬರೆದವರಿಂದ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥವಕ್ಕೆ ಕೃಲ್ಲಿಂಗವೆಂದು ಹೆಸರಿಟ್ಟ. ಬೀದಿಯಲ್ಲಿ ತಮಿಳಾಡುವ ನಮ್ಮ ಮಕ್ಕಳಿಗೆ ಇದು ಹೊಸದೇನಲ್ಲ. ಅವರ 'ಎಳುದಿನ', 'ಎಳುದಾದ' ನಮ್ಮ ಬರೆದ, ಬರೆಯದ ತಾನೆ?

ಈ 'ಬರೆಯದ' ಎಂಬಲ್ಲಿ ಅವಳು ತಡೆದಳು. ಲ್ಯಾಟಿನ್ನಿನಲ್ಲಿ ಹೀಗೊಂದು ನಿಷೇಧ ಕೃದಂತವಿಲ್ಲ, 'ನೋನ್' ಎಂದು ಬೇರೆ ಪದ ಸೇರಿಸಬೇಕು. ನಮ್ಮದರಲ್ಲಿ ನಿಷೇಧ ಕ್ರಿಯೆಯೊಳಗೇ ಇದೆ, ಆದರೆ ಕಾಲವಿಲ್ಲ.

"ಅಂದರೆ, ಬರೆಯದ ಕಾಗದ ಅಂದರೆ ನಿನ್ನೆ ಬರೆಯದ್ದೂ ಹೌದು, ಇನ್ನು ಮುಂದೆ ಬರೆಯದ್ದೂ ಹೌದಾ ಅಪ್ಪಾ?"

"ಹೌದು" ಎಂದೆ.

ಮೈಸೂರಿನಿಂದ ಅವಳ ಅಜ್ಜಿ ಪ್ರತಿ ಯುಗಾದಿಗೂ ಕಾಗದ ಬರೆಯುತ್ತಿದ್ದರು. ಕನ್ನಡ ತಪ್ಪಾದೀತೆಂಬ ನಾಚಿಕೆಯಿಂದ ಇವಳು ಒಂದಕ್ಕೂ ಉತ್ತರಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ, ಅದು ನನ್ನ ತಪ್ಪು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು.

ಸಂಜೆ ಅವಳು ಲ್ಯಾಟಿನ್ ಪುಸ್ತಕ ಮುಚ್ಚಿಟ್ಟು ಮೈಸೂರಿನ ದೊಡ್ಡಮ್ಮನಿಗೆ ಕನ್ನಡದಲ್ಲಿ ಆರು ಸಾಲು ಬರೆದಳು. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದದೆ ಅಂಚೆಗೆ ಹಾಕಿದೆ.