ನಮ್ಮ ಮುತ್ತಾತನ ಪದಕ

ತರ್ಪಣ ಬಿಡುವಾಗ ನಾವು ಮೂವರು ಗಂಡಸರ ಹೆಸರನ್ನು ಹೇಳುತ್ತೇವೆ: ಪಿತೃ, ಪಿತಾಮಹ, ಪ್ರಪಿತಾಮಹ. ಅದರಾಚೆಗಿನವರು ಹೆಸರಿಲ್ಲದ ಪಿತೃಗಣದಲ್ಲಿ ಸೇರಿಹೋಗುತ್ತಾರೆ. ನನ್ನ ಮುತ್ತಾತನವರು ಈಗ ಆ ಗಡಿಯಲ್ಲಿದ್ದಾರೆ. ನನ್ನ ಕಾಲವಾದ ಮೇಲೆ ನನ್ನ ಮಗನ ಬಾಯಲ್ಲಿ ಅವರ ಹೆಸರು ಬರತಕ್ಕದ್ದಲ್ಲ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ವಂಶವೃಕ್ಷವನ್ನು ಬರೆದಿಡಲು ನಾನು ಹೊರಟುದಕ್ಕೆ ಈ ಯೋಚನೆಯೇ ಕಾರಣ.

ಹನಗೋಡಿನ ನಮ್ಮ ಮನೆಯಲ್ಲಿ ಹಿಂದಿನವರದೆಂದು ಎರಡು ವಸ್ತುಗಳುಂಟು: ಒಂದು ಕತ್ತಿ, ಒಂದು ಪದಕ. ಪದಕದ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದರಲ್ಲಿ ಕುದುರೆಯೇರಿದ ಒಬ್ಬ ಬತ್ತಲೆ ವೀರ, 1914, 1918 ಎಂಬ ಅಂಕೆಗಳು. ಆ ವೀರನು ಆಂಗ್ಲರ ಸಂತ ಜಾರ್ಜ್ ಎಂಬುದು ನನಗೆ ತಿಳಿದದ್ದು ಬಹಳ ಈಚೆಗೆ. ಬಾಲ್ಯದಲ್ಲಿ ಅವನೇ ನಮ್ಮ ಮುತ್ತಾತನೆಂದು ನಂಬಿದ್ದೆ. ಮೈಮೇಲೆ ಬಟ್ಟೆಯೇಕಿಲ್ಲವೆಂದು ಕೇಳಿ ತಂದೆಯವರಿಂದ ಏಟು ತಿಂದದ್ದೂ ಉಂಟು. ಪ್ರತಿವರ್ಷ ಆಯುಧಪೂಜೆಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊನ್ನಿನಂತೆ ಹೊಳೆಯುತ್ತಿತ್ತು. ನಮ್ಮ ಸೋದರತ್ತೆಯವರು ಅದರ ಮುಂದೆ ಒಂದು ಹಿಡಿ ಹುರುಳಿಯನ್ನಿಡುತ್ತಿದ್ದರು. ಮನೆಯ ಪದ್ಧತಿಯೆಂದುಕೊಂಡು ಯಾರೂ ಏಕೆಂದು ಕೇಳಲಿಲ್ಲ.

ಮುತ್ತಾತನವರು ಮೈಸೂರು ಲ್ಯಾನ್ಸರ್ಸ್ ಎಂಬ ಈಟಿಯ ಕುದುರೆಪಡೆಯಲ್ಲಿದ್ದರೆಂಬುದು ನಿರ್ವಿವಾದ. 1914ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ಈ ಪಡೆಯು ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದು, ಬಳಿಕ ಪ್ಯಾಲೆಸ್ತೀನಿಗೆ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ಜೋಧಪುರದವರು ಕಿಶೋನ್ ಹೊಳೆಗೂ ಕಾರ್ಮೆಲ್ ಬೆಟ್ಟಕ್ಕೂ ನಡುವಣ ಇಕ್ಕಟ್ಟಿನಲ್ಲಿ ನುಗ್ಗಿದರು. ಮೈಸೂರಿನವರ ಒಂದು ತುಕಡಿಯು ಬೆಟ್ಟವನ್ನೇರಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಮೆಷಿನ್‌ಗನ್ನಿನೆದುರು ಈಟಿ ಹಿಡಿದವರು ಗೆದ್ದ ಈ ಕಾಳಗದ ಪಡೆಗಳ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ವಿಗ್ರಹಗಳಲ್ಲಿ ಮೈಸೂರಿನದೂ ಒಂದು. ಮೂವತ್ತು ವರ್ಷಕಾಲ ನಾನು ಈ ಪಾಠವನ್ನು ಸಂದರ್ಭವಿದ್ದಾಗಲೂ ಇಲ್ಲದಾಗಲೂ ಮಕ್ಕಳಿಗೆ ಹೇಳಿದೆ. ಕೊನೆಯಲ್ಲಿ, "ಆ ಬೆಟ್ಟವನ್ನೇರಿದ ರಾವುತರಲ್ಲಿ ನನ್ನ ಮುತ್ತಾತನೂ ಒಬ್ಬ" ಎಂದು ಸೇರಿಸುತ್ತಿದ್ದೆ.

ವಂಶವೃಕ್ಷವನ್ನು ಒಬ್ಬನೇ ಕುಳಿತು ಬರೆಯಲಾಗದು. ಪಿರಿಯಾಪಟ್ಟಣದ ದಾಯಾದಿಯೊಬ್ಬರು ತಮ್ಮಲ್ಲಿದ್ದ ಜಾತಕಗಳ ಕಟ್ಟನ್ನು ಬಿಚ್ಚಿದರು. ಕೃಷ್ಣರಾಜನಗರದ ಶಾಖೆಯ ಹೆಣ್ಣುಮಗಳೊಬ್ಬಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವಳು, ಜಯಚಾಮರಾಜೇಂದ್ರನಗರದ ಕಡೆಯಲ್ಲಿರುವ ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿ ಚಿತ್ರಗಳನ್ನು ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದಳು. ಅದು ಮಡಿದವರ ಸ್ಮಾರಕ. ಊರಿಗೆ ಮರಳಿದವರ ಹೆಸರನ್ನು ಅಲ್ಲಿ ಹುಡುಕಿ ಫಲವಿಲ್ಲ. ಆಗ ಪಿರಿಯಾಪಟ್ಟಣದವರು ತಮ್ಮ ಮನೆಯ ಪದಕದ ಚಿತ್ರವನ್ನು ಕಳುಹಿಸಿದರು. ಅದೇ ದೊರೆ, ಅದೇ ಸಂತ, ಆದರೆ ಬೆಳ್ಳಿ. "ಅಣ್ಣಾ, ನಿಮ್ಮದೇಕೆ ಕಂಚು?" ಎಂದು ಅವರು ಕೇಳಿದ್ದು ಕೇವಲ ಕುತೂಹಲದಿಂದ.

ಉತ್ತರವನ್ನು ಹುಡುಗಿಯೇ ಕಂಡುಹಿಡಿದಳು. ಆ ಪದಕವನ್ನು ಕಾದುವ ಪಂಗಡದವರಿಗೆ ಬೆಳ್ಳಿಯಲ್ಲಿ ಕೊಟ್ಟರು. ಕೂಲಿದಳದವರಿಗೂ ಪಾಳೆಯದ ಪರಿಚಾರಕರಿಗೂ ಕಂಚಿನಲ್ಲಿ. ಪಡೆದವನ ಹೆಸರನ್ನೂ ಹುದ್ದೆಯನ್ನೂ ಪದಕದ ಅಂಚಿನ ಸುತ್ತ ಒತ್ತಿರುತ್ತಾರೆ, ನೋಡಿ ಎಂದಳು. ನೂರು ವರ್ಷ ತಿಕ್ಕಿದ ಅಂಚು. ಕಣ್ಣಿಗೆ ಏನೂ ಕಾಣದು. ತೆಳುಕಾಗದದ ಪಟ್ಟಿಯನ್ನು ಸುತ್ತಿ ಸೀಸದಕಡ್ಡಿಯನ್ನು ಮೆಲ್ಲನೆ ಉಜ್ಜಿದೆ. ಇಂಗ್ಲಿಷಿನ ಅಕ್ಷರಗಳು ಒಂದೊಂದಾಗಿ ಎದ್ದವು. ಮುತ್ತಾತನವರ ಹೆಸರು ಸರಿಯಾಗಿಯೇ ಇತ್ತು. ಅದರ ಹಿಂದೆ ಇದ್ದ ಪದ ಸವಾರ್ ಅಲ್ಲ, ಸೈಸ್. ಎಂದರೆ ಕುದುರೆಯ ಕಾಸ್ತಾರ.

ಆ ಕಾಗದವನ್ನು ಎರಡು ದಿನ ಯಾರಿಗೂ ತೋರಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ದ್ರೋಣಪರ್ವದಲ್ಲಿ ಯುದ್ಧದ ನಡುವೆ ಶ್ರೀಕೃಷ್ಣನೇ ಅರ್ಜುನನ ಕುದುರೆಗಳ ಮೈಯಿಂದ ಬಾಣಗಳನ್ನು ಕಿತ್ತು, ಮೈದಡವಿ, ನೀರು ಕುಡಿಸಿದುದನ್ನು ಪಾಠಶಾಲೆಯಲ್ಲಿ ಓದಿದವನು ನಾನು. ವಿರಾಟನ ಲಾಯದಲ್ಲಿ ನಕುಲನಿದ್ದುದನ್ನೂ ಬಲ್ಲೆ. ಆದರೂ ನಾಚಿಕೆಯಾಯಿತು. ಮುತ್ತಾತನವರ ವಿಷಯದಲ್ಲಲ್ಲ, ಆ ಮೂವತ್ತು ವರ್ಷದ ನನ್ನ ಮಾತಿನ ವಿಷಯದಲ್ಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಸೋದರತ್ತೆಯವರಿಗೆ ಎಂಬತ್ತೆಂಟು ವರ್ಷ. ಮುತ್ತಾತನವರನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಅವರು ನೊಂದುಕೊಂಡಾರೆಂದು ಸುತ್ತಿಬಳಸಿ ಹೇಳಿದೆ. ಅತ್ತೆಯವರು ನಕ್ಕರು.

"ತಾತ ಕುದುರೆ ಮೇಲೆ ಕೂತು ಕಾದಿದ್ದರು ಅಂತ ನಾನು ಯಾವತ್ತು ಹೇಳಿದ್ದೆ, ಮಗು? ನಿಮ್ಮಪ್ಪ ಒಂದಿಷ್ಟು ಸೇರಿಸಿದ, ನೀನು ಇನ್ನೊಂದಿಷ್ಟು ಸೇರಿಸಿದೆ. ಓದಿದವರು, ನಿಮಗೆ ಗೊತ್ತಿರುತ್ತೆ ಅಂತ ಸುಮ್ಮನಿದ್ದೆ. ತಾತ ಹಬ್ಬದ ದಿನ ಪದಕದ ಮುಂದೆ ಹುರುಳಿ ಇಟ್ಟು, ಅವುಗಳಿಗೆ, ಅನ್ನೋರು. ಅದಕ್ಕೇ ನಾನೂ ಇಡ್ತೀನಿ."

ಹೈಫಾದ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಿದೆ. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳು ಸತ್ತವು 60, ಗಾಯಗೊಂಡವು 83. ಈ ಅಂಕೆಗಳನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಆ 83ರ ಗಾಯಗಳನ್ನು ಆ ರಾತ್ರಿ ತೊಳೆದವರು ಯಾರೆಂದು ಒಂದು ದಿನವೂ ಕೇಳಿಕೊಂಡವನಲ್ಲ.

ಕತ್ತಿಯ ವಿಚಾರ ಬೇರೆ. ಸವಾರನ ಕತ್ತಿಯಾದರೂ ಸರ್ಕಾರದ ಸೊತ್ತು, ಕಾಸ್ತಾರನಿಗೆ ಅದೆಲ್ಲಿಯದು? ಪಿರಿಯಾಪಟ್ಟಣದ ಕಟ್ಟಿನ ಹಳೆಯ ಓಲೆಯೊಂದರಲ್ಲಿ ನಮ್ಮ ಹಿರಿಯರೊಬ್ಬರ ಹೆಸರಿನೊಡನೆ "ಕಂದಾಚಾರ" ಎಂಬ ಮಾತಿದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಊರುಗಾವಲಿನ ಭಟರ ಇಲಾಖೆಗೆ ಇದ್ದ ಹೆಸರು ಅದು. ಕತ್ತಿಯ ಬೇರು ಅಲ್ಲಿರಬಹುದು; ಆ ಓಲೆಯನ್ನು ನಾವು ಮೂವರೂ ಸೇರಿ ಓದುತ್ತಿದ್ದೇವೆ.

ವಂಶವೃಕ್ಷದಲ್ಲಿ ಮುತ್ತಾತನವರ ಹೆಸರಿನ ಕೆಳಗೆ "ಸೈಸ್, ಮೈಸೂರು ಲ್ಯಾನ್ಸರ್ಸ್" ಎಂದು ಬರೆದು ಎರಡು ಶಾಖೆಗಳಿಗೂ ಪ್ರತಿ ಕಳುಹಿಸಿದ್ದೇನೆ. ಹಳೆಯ ಶಿಷ್ಯರಲ್ಲಿ ಸಿಕ್ಕಿದವರಿಗೆ ಸಿಕ್ಕಿದಲ್ಲಿ ಹೇಳುತ್ತಿದ್ದೇನೆ. ಮೊನ್ನೆ ಹುಣಸೂರಿನ ಬಸ್ಸಿನಲ್ಲಿ ಒಬ್ಬನು ಕೇಳಿ, "ಪರವಾಗಿಲ್ಲ ಬಿಡಿ ಸಾರ್, ಆ ಪಾಠ ನನಗೆ ನೆನಪೇ ಇಲ್ಲ" ಎಂದನು.