ತಡವಾದ ಅರ್ಜಿ

ತಡವಾಗಿ ಬಂದವರು ಹೇಳುವುದನ್ನು ನಂಬಿದರೆ ಅದು ಕಾರಣ, ನಂಬದಿದ್ದರೆ ನೆಪ. ಈ ಎರಡು ಪದಗಳ ನಡುವಿನ ಅಂತರ ಒಬ್ಬರಿಗೆ 18,000 ರೂಪಾಯಿ ಆಗಿತ್ತು.

ಅಫಜಲಪುರ ಕಡೆಯ ಆಕೆ ಪುಣೆಯ ಭೋಸರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. ದಿನಗೂಲಿ 400 ರೂಪಾಯಿ. ಅದರಲ್ಲೇ ಇಎಸ್‌ಐ ಕಂತು ಮುರಿಯುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಕೆಲಸ ಹೋಯಿತು, ಊರಿಗೆ ಹೋದರು. ಇಎಸ್‌ಐ ಕಾರ್ಡು ಆಸ್ಪತ್ರೆಗೆ ಮಾತ್ರ ಎಂದೇ ತಿಳಿದಿದ್ದರು. ಕಾರ್ಡಿಗೆ ಜೋಡಿಸಿದ್ದ ಮೊಬೈಲ್ ನಂಬರು ಗುತ್ತಿಗೆದಾರನದು, ಹಾಗಾಗಿ ಯಾವ ಮೆಸೇಜೂ ಅವರಿಗೆ ತಲುಪುತ್ತಿರಲಿಲ್ಲ.

ಕೆಲಸ ಕಳೆದುಕೊಂಡ ವಿಮಾದಾರರಿಗಾಗಿ 2018ರ ಜುಲೈನಿಂದಲೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇತ್ತು. ಸರಾಸರಿ ದಿನಗೂಲಿಯ ಶೇ. 25ರಷ್ಟಿದ್ದ ಪರಿಹಾರ ಕೋವಿಡ್ ಕಾಲದಲ್ಲಿ ಶೇ. 50ಕ್ಕೆ ಏರಿತು. ಹೆಚ್ಚೆಂದರೆ 90 ದಿನ, ಅದೂ ಬದುಕಿನಲ್ಲಿ ಒಮ್ಮೆ. ಇದು ಆಕೆಗೆ ಗೊತ್ತಾದದ್ದು 2021ರ ಜುಲೈನಲ್ಲಿ, ಪುಣೆಗೆ ಮರಳಿದ ಮೇಲೆ, ಪಕ್ಕದ ಮನೆಯವರಿಂದ.

"ಇಷ್ಟು ತಡ ಯಾಕಾಯ್ತಮ್ಮಾ?" ಎಂದರು ಅರ್ಜಿ ಬರೆಯಲು ಕೂತ ವಕೀಲರು.

"ತಡ ಎಲ್ಲೈತ್ರಿ ಸರ? ಗೊತ್ತಾದ ಮರುದಿನಾನ ಬಂದೀನಲ್ರಿ."

ಕಚೇರಿ ಕೆಲಸ ಹೋದ ದಿನದಿಂದ ಎಣಿಸುತ್ತದೆ, ಆಕೆ ತಿಳಿದ ದಿನದಿಂದ. 1948ರ ಇಎಸ್‌ಐ ಕಾಯ್ದೆಯ 77ನೇ ಸೆಕ್ಷನ್ ಸೌಲಭ್ಯ ಕೇಳಲು 12 ತಿಂಗಳು ಕೊಟ್ಟಿತ್ತು. ಕಾರಣ ಸಮಂಜಸ ಎನಿಸಿದರೆ ಇನ್ನಷ್ಟು ಅವಧಿ ಕೊಡುವ ಅಧಿಕಾರವನ್ನು ನೌಕರರ ವಿಮಾ ನ್ಯಾಯಾಲಯಕ್ಕೂ ಕೊಟ್ಟಿತ್ತು. ವಕೀಲರು ಅದನ್ನೇ ಆಧಾರ ಮಾಡಿಕೊಂಡರು. ಬಸ್ಸು ನಿಂತ ದಿನ, ಊರು ಸೇರಿದ ದಿನ, ಮರಳಿದ ದಿನ, ಸುದ್ದಿ ತಿಳಿದ ದಿನ ಎಲ್ಲವನ್ನೂ ಸಾಲಾಗಿ ಬರೆದರು. ಪ್ರಯಾಣದ ಟಿಕೆಟ್ಟನ್ನೂ ಲಗತ್ತಿಸಿದರು.

ನ್ಯಾಯಾಲಯಗಳಿಗೆ ಇದು ಹೊಸ ಪ್ರಶ್ನೆಯಲ್ಲ. 1987ರಲ್ಲಿ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ದಿನದ ವಿಳಂಬಕ್ಕೂ ಲೆಕ್ಕ ಕೊಡಬೇಕೆಂಬ ನಿಯಮವನ್ನು ಅಕ್ಷರಶಃ ಹಿಡಿಯಬಾರದು ಎಂದಿತು. ಹಾಗೆ ಹಿಡಿದರೆ ಪ್ರತಿ ಗಂಟೆ, ಪ್ರತಿ ಸೆಕೆಂಡಿಗೂ ಲೆಕ್ಕ ಕೇಳಬೇಕಲ್ಲ! ತಡ ಮಾಡಿದವನಿಗೆ ಸಾಮಾನ್ಯವಾಗಿ ಅದರಿಂದ ಲಾಭವಿಲ್ಲ ಎಂದೂ ನೆನಪಿಸಿತು. 2020ರ ಮಾರ್ಚ್‌ನಲ್ಲಿ ಅದೇ ಕೋರ್ಟು, ಯಾರೂ ಅರ್ಜಿ ಹಾಕದಿದ್ದರೂ, ಇಡೀ ದೇಶದ ಕೋರ್ಟು ಮತ್ತು ನ್ಯಾಯಮಂಡಳಿಗಳ ಕಾಲಮಿತಿಯನ್ನು ವಿಸ್ತರಿಸಿತು. ಒಂದೇ ಕಾರಣ ಎಲ್ಲರಿಗೂ ಸಾಕಾಯಿತು. ಒಬ್ಬೊಬ್ಬರೇ ಹೋದಾಗ ಮಾತ್ರ ಟಿಕೆಟ್ಟು ತೋರಿಸಬೇಕು.

ಕಾನೂನಿನ ಕನ್ನಡದಲ್ಲಿ ಇದನ್ನು 'ವಿಳಂಬ ಮನ್ನಿಸುವುದು' ಎನ್ನುತ್ತಾರೆ. ಮನ್ನಿಸು ಎಂದರೆ ಕ್ಷಮಿಸು. ಗೌರವಿಸು ಎಂಬುದೂ ಅದರ ಹಳೆಯ ಅರ್ಥ. ಕ್ಷಮೆಗೆ ತಪ್ಪು ಮಾಡಿದವರು ಬೇಕು. ಗೊತ್ತಿಲ್ಲದೆ ತಡವಾದವರಿಗೆ ಸಲ್ಲಬೇಕಾದದ್ದು ಆ ಎರಡನೆಯದು.