ಮ್ಯಾಳಿಗಿಯಿಂದ ಕಂಡ ಬಿರುಕು

ಬೇಸಿಗೆಯಲ್ಲಿ ನವಲಗುಂದದ ಎರಿ ಹೊಲ ಬಾಯಿ ಬಿಡುತ್ತದೆ. ಒಮ್ಮೆ ಬಾರುಕೋಲು ಇಳಿಬಿಟ್ಟು ನೋಡಿದ್ದೆ, ಹಿಡಿಕೆಯವರೆಗೂ ಹೋಯಿತು. ಹಗಲೆಲ್ಲ ಆ ಬಿರುಕು ದಾಟಿಕೊಂಡು ಓಡಾಡಿ, ರಾತ್ರಿ ಮ್ಯಾಳಿಗಿಯ ಮೇಲೆ ಕೌದಿ ಹಾಸಿಕೊಂಡು ಇನ್ನೊಂದು ಬಿರುಕು ಹುಡುಕುವುದು ನನ್ನ ಚಟ.

ಅದು ಕಾಣುವುದಿಲ್ಲ. ಕಾಣುವುದು ವೆಸ್ಟಾ ಎಂಬ ಕ್ಷುದ್ರಗ್ರಹ ಮಾತ್ರ, ಅದೂ ಒಂದು ಚುಕ್ಕೆಯಾಗಿ. 1807ರಲ್ಲಿ ಓಲ್ಬರ್ಸ್ ಮೊದಲು ಗುರುತಿಸಿದ್ದೂ ಅಷ್ಟನ್ನೇ. 2025ರ ಮೇ ತಿಂಗಳ ಆರಂಭದಲ್ಲಿ ಅದು ತುಲಾ ರಾಶಿಯಲ್ಲಿತ್ತು. ಬೈನಾಕ್ಯುಲರ್ ಸಾಕು, ಆದರೆ ಅವಸರ ನಡೆಯದು. ಮೊದಲ ರಾತ್ರಿ ಕಂಡ ಚುಕ್ಕೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಳಿಸಬೇಕು. ಕೆಂಪು ಬಟ್ಟೆ ಸುತ್ತಿದ ಬ್ಯಾಟರಿಯ ಬೆಳಕು, ಗೋಡೆಗೆ ಊರಿದ ಮೊಣಕೈ, ಕಿವಿಯ ಹತ್ತಿರ ಗುಂಯ್‌ಗುಟ್ಟುವ ಸೊಳ್ಳೆ. ನಾಲ್ಕು ರಾತ್ರಿ ಬಿಟ್ಟು ಮತ್ತೆ ಬರೆದರೆ, ಉಳಿದವೆಲ್ಲ ಇದ್ದಲ್ಲೇ ಇರುತ್ತವೆ; ಒಂದು ಮಾತ್ರ ಸರಿದಿರುತ್ತದೆ. ಆ ಸರಿದ ಚುಕ್ಕೆ ಸಿಕ್ಕ ಗಳಿಗೆ ನಾನು ಒಬ್ಬನೇ ನಕ್ಕದ್ದುಂಟು.

ಆಮೇಲೆ ಮಲಗಿಕೊಂಡು ಅದರ ಮೈ ನೆನೆಯುವುದು. ಅಡ್ಡಳತೆ ಸುಮಾರು 525 ಕಿಲೋಮೀಟರು. 2011ರಿಂದ 2012ರವರೆಗೆ ಡಾನ್ ನೌಕೆ ಸುತ್ತಿ ತೆಗೆದ ಚಿತ್ರಗಳಲ್ಲಿ, ಅದರ ನಡುವಿಗೆ ಉಡಿದಾರ ಬಿಗಿದು ಬಿಚ್ಚಿದ ಗುರುತಿನಂತೆ ಕಂದಕಗಳಿವೆ. ಎಲ್ಲಕ್ಕೂ ದೊಡ್ಡದು ದಿವಾಲಿಯಾ: ಉದ್ದ 465 ಕಿಲೋಮೀಟರು, ಆಳ ಐದು. ಅಗಲ 22, ಅಂದರೆ ನವಲಗುಂದದ ದಂಡೆಯಲ್ಲಿ ನಿಂತರೆ ಆಚೆ ದಂಡೆ ಅಣ್ಣಿಗೇರಿ ದಾಟಿ ಸಿಗುತ್ತದೆ.

ಪಕ್ಕದ ಹೊಲದ ಹಿರಿಯರಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, “ಅಲ್ಲೂ ರೋಹಿಣಿ ಮಳಿ ಕೈ ಕೊಟ್ಟೈತೇನು?” ಅಂದರು.

ಅಲ್ಲಿಯದು ಒಣಗಿ ಬಿಟ್ಟ ಬಿರುಕಲ್ಲ, ಏಟು ತಿಂದದ್ದು. ದಕ್ಷಿಣ ಧ್ರುವಕ್ಕೆ ಏನೋ ಬಡಿದು 500 ಕಿಲೋಮೀಟರು ಅಗಲದ ರಿಯಾಸಿಲ್ವಿಯಾ ಕುಳಿ ಬಿತ್ತು. ಹೆಚ್ಚುಕಡಿಮೆ ಆ ಗೋಳದಷ್ಟೇ ಅಗಲ! ಗಡಿಗಿಯ ತಳಕ್ಕೆ ಪೆಟ್ಟು ಬಿದ್ದರೆ ಹೊಟ್ಟೆಯ ಸುತ್ತ ಸೀಳು ಏಳುವಂತೆ ನಡುವಿನಲ್ಲಿ ಕಂದಕಗಳೆದ್ದವು ಎಂದು ವಿಜ್ಞಾನಿಗಳು ಎಣಿಸುತ್ತಾರೆ. ರಿಯಾಸಿಲ್ವಿಯಾದ ಅಡಿ ಇನ್ನೂ ಹಳೆಯದೊಂದು ಕುಳಿ, ವೆನೆನಿಯಾ. ಉತ್ತರದ ಕಡೆಯ ಕಂದಕಗಳು ಆ ಹಳೆಯ ಏಟಿನವಂತೆ. ಸಿಡಿದ ಚೂರುಗಳು ನಮ್ಮಲ್ಲಿಗೂ ಬಂದಿವೆ: 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದ ಉಲ್ಕಾಶಿಲೆ ವೆಸ್ಟಾ ಬಳಗದ್ದು. ನಮ್ಮ ಹೊಲದಲ್ಲೊಂದು ಬೀಳಬಾರದೇ ಎಂಬ ಆಸೆ ನನಗಿದೆ. ಆದರೆ ಕರಿ ಮಣ್ಣಿನ ಬಿರುಕಿಗೆ ಕರಿ ಕಲ್ಲು ಬಿದ್ದರೆ ಹುಡುಕುವವರು ಯಾರು?

ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಪೆಟ್ಟಿನ ಮಾತು ಒಪ್ಪಿದರು. ಕೋಟಿಗಟ್ಟಲೆ ವರ್ಷ ಅದು ಹಾಗೇ ತೆರೆದುಕೊಂಡಿದೆ ಎಂದಾಗ ಮಾತ್ರ ತಲೆ ಅಲ್ಲಾಡಿಸಿದರು. ಎರಿ ಭೂಮಿ ಕಂಡವರಿಗೆ ಬಿರುಕು ಎಂದರೆ ಮುಚ್ಚಿಕೊಳ್ಳುವಂಥದ್ದು.

ಅಂದು ರಾತ್ರಿ ನಾಲ್ಕನೆಯ ಗುರುತು ಹಾಕಬೇಕಿತ್ತು. ಪಡುವಣದಲ್ಲಿ ಮಿಂಚಿತು, ಮಣ್ಣಿನ ವಾಸನೆ ಬಂತು. ಕೌದಿ ಸುತ್ತಿಕೊಂಡು ಕೆಳಗಿಳಿದೆ. ಬೆಳಿಗ್ಗೆ ಹೊಲದಲ್ಲಿ ಬಾರುಕೋಲು ಗೇಣಿನಷ್ಟೂ ಇಳಿಯಲಿಲ್ಲ.